ಸ್ವೈಪ್ ಮಾಡಿದರೆ ಪುಣ್ಯ ಬರುವುದಿಲ್ಲ, ಬಿಲ್ ಬರುತ್ತದೆ

ತರೀಕೆರೆ ಬಸ್ ಸ್ಟ್ಯಾಂಡ್ ಹತ್ತಿರ ಒಂದು ದೊಡ್ಡ ಕೊಡೆ. ಕೊಡೆ ಕೆಳಗೆ ಟೇಬಲ್, ಟೇಬಲ್ ಹಿಂದೆ ಟೈ ಕಟ್ಟಿದ ಹುಡುಗ. ಪಕ್ಕದ ಫ್ಲೆಕ್ಸಿನಲ್ಲಿ ಎದೆಗೆ ಬ್ಯಾಂಡೇಜ್ ಸುತ್ತಿಕೊಂಡು ನಗುತ್ತಿರುವ ಮಗುವಿನ ಫೋಟೊ.

"ಸರ್, ನೀವು ಪ್ರೆಸ್‌ನವರು, ನಿಮಗೆ ಹೇಳೋದೇನಿದೆ. ಈ ಕ್ರೆಡಿಟ್ ಕಾರ್ಡಲ್ಲಿ ಖರ್ಚು ಮಾಡಿದಾಗೆಲ್ಲ ಒಂದು ಪಾಲು ಬಡಮಕ್ಕಳ ಹಾರ್ಟ್ ಆಪರೇಷನ್‌ಗೆ ಹೋಗುತ್ತೆ. ನಿಮ್ಮ ಜೇಬಿಂದ ಒಂದು ರೂಪಾಯಿನೂ ಹೋಗಲ್ಲ" ಅಂದ.

ನಾವು ತೆಗೆದುಕೊಂಡೆವು. ಪ್ರೆಸ್‌ನವರು ಅಂದನಲ್ಲ, ಅದಕ್ಕೇ ಉಬ್ಬಿಹೋದೆವು. ಸುದ್ದಿ ಎಷ್ಟು ಉದ್ದ ಬಂತು ಅಂತ ಅಳೆದು ದುಡ್ಡು ಪಡೆಯುವ ನಮ್ಮಂಥವರಿಗೆ ಯಾರಾದರೂ ಸಾಲ ಕೊಡುತ್ತೇನೆ ಅನ್ನುವುದೇ ಒಂದು ಮರ್ಯಾದೆ. ಅದರ ಮೇಲೆ ಪುಣ್ಯ ಬೇರೆ ಬರುತ್ತದಂತೆ.

ಆ ಕಾರ್ಡು ಈಗ ನಮ್ಮ ಬಳಿ ಇಲ್ಲ. ಅದರ ಲೆಕ್ಕವನ್ನು ಮಾತ್ರ ಇಟ್ಟುಕೊಂಡಿದ್ದೇವೆ. ಇಂಥ ಕೊಡೆ ಇವತ್ತು ಕಡೂರಿನಲ್ಲಿ, ನಾಳೆ ಅಜ್ಜಂಪುರದಲ್ಲಿ, ನಾಡಿದ್ದು ನಿಮ್ಮ ಫೋನಿನೊಳಗೇ ತೆರೆದುಕೊಳ್ಳುತ್ತದೆ. ಹಾಗಾಗಿ ಆ ಲೆಕ್ಕ ನಿಮ್ಮ ಮುಂದಿಡುತ್ತಿದ್ದೇವೆ.

ನಲವತ್ತೈದು ರೂಪಾಯಿಯ ದಾನ

ಆ ಕಾರ್ಡಿನಲ್ಲಿ ನಾವು ಕೊಂಡದ್ದು ಒಂದೇ ವಸ್ತು, 18,000 ರೂಪಾಯಿಯ ಮೊಬೈಲ್. ಸುದ್ದಿ ಕಳಿಸಲು, ಫೋಟೊ ತೆಗೆಯಲು ಬೇಕೇ ಬೇಕಾಗಿತ್ತು.

ಕಾರ್ಡಿನ ಜೊತೆ ಬಂದ ಸಣ್ಣಕ್ಷರದ ಪತ್ರದಲ್ಲಿ ದಾನದ ಪಾಲು ಎಷ್ಟೆಂದು ಬರೆದಿತ್ತು: ನೂರು ರೂಪಾಯಿ ಖರ್ಚಿಗೆ 25 ಪೈಸೆ. ಅಂದರೆ ನಮ್ಮ ಮೊಬೈಲಿನಿಂದ ಮಕ್ಕಳ ಹೃದಯಕ್ಕೆ ಹೋದದ್ದು 45 ರೂಪಾಯಿ.

ಇನ್ನು ನಮ್ಮ ಕಡೆಯಿಂದ ಹೋದದ್ದು. ವರ್ಷದ ಶುಲ್ಕ 500, ಅದರ ಮೇಲೆ ಜಿಎಸ್‌ಟಿ 90, ಒಟ್ಟು 590. ಬಿಲ್ ಬಂದಾಗ ಕೈಯಲ್ಲಿ ಪೂರ್ತಿ ಹಣ ಇರಲಿಲ್ಲ. ಬಿಲ್ಲಿನಲ್ಲಿ 'ಕನಿಷ್ಠ ಪಾವತಿ 900' ಎಂದಿತ್ತು. ಅಷ್ಟು ಕಟ್ಟಿದರೆ ಸಾಕು ಅಂದುಕೊಂಡು ಕಟ್ಟಿದೆವು. ಉಳಿದ 17,100ಕ್ಕೆ ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ ಬಿತ್ತು, 598 ರೂಪಾಯಿ. ಬಡ್ಡಿಯ ಮೇಲೆ ಮತ್ತೆ 18 ಪರ್ಸೆಂಟ್ ಜಿಎಸ್‌ಟಿ, 108 ರೂಪಾಯಿ. ಒಂದು ತಿಂಗಳಿಗೆ 706. ಕೊಂಡ ದಿನದಿಂದಲೇ ಬಡ್ಡಿ ಎಣಿಸುವುದರಿಂದ ಮೊದಲ ಸಲ ಇದಕ್ಕಿಂತ ಹೆಚ್ಚೇ ಬಿತ್ತು.

ಹೀಗೆ ಒಂಬತ್ತು ತಿಂಗಳು ಎಳೆದೆವು. ಬಡ್ಡಿ, ತೆರಿಗೆ ಅಂತಲೇ ಆರು ಸಾವಿರದಷ್ಟು ಹೋಯಿತು. ಕೊನೆಗೆ ಮನೆಯ ಅಡಿಕೆ ಮಾರಿದ ದುಡ್ಡಿನಲ್ಲಿ ಸಾಲ ತೀರಿಸಿದೆವು. ದಾನ ಮಾತ್ರ ಅದೇ 45 ರೂಪಾಯಿ.

ನಮ್ಮೂರಲ್ಲಿ ಕೈಸಾಲ ಕೊಡುವ ಸಾಹುಕಾರರೂ ನೂರಕ್ಕೆ ಮೂರು ಅಂತಲೇ ಹೇಳುವುದು. ಅವರನ್ನು ನಾವು ಬಡ್ಡಿಕೋರರು ಅಂತ ಬೈಯುತ್ತೇವೆ. ಆದರೆ ಅವರು ಬಡ್ಡಿಯ ಮೇಲೆ ಜಿಎಸ್‌ಟಿ ಹಾಕುವುದಿಲ್ಲ. ಮಗುವಿನ ಫೋಟೊ ಹಿಡಿದುಕೊಂಡೂ ಬರುವುದಿಲ್ಲ.

ಈ ಕಾರ್ಡು ಕೊಡುವವರಿಗೆ ಲಾಭ ಎರಡು ಕಡೆಯಿಂದ. ನಾವು ಸ್ವೈಪ್ ಮಾಡಿದಾಗ ಅಂಗಡಿಯವರ ಹಣದಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದೂವರೆ, ಎರಡು ರೂಪಾಯಿ ಮುರಿದುಕೊಳ್ಳುತ್ತಾರೆ. ಅದಕ್ಕೇ ನಮ್ಮ ಅಂಗಡಿಗಳಲ್ಲಿ "ಕಾರ್ಡ್ ಆದ್ರೆ ಎರಡು ಪರ್ಸೆಂಟ್ ಜಾಸ್ತಿ" ಅನ್ನುವುದು. ಆ ಎರಡು ರೂಪಾಯಿಯಲ್ಲಿ 25 ಪೈಸೆ ತೆಗೆದು ದಾನ ಅನ್ನುತ್ತಾರೆ. ದುಡ್ಡು ಅಂಗಡಿಯವರದು, ಇಲ್ಲವೇ ನಮ್ಮದು. ಹೆಸರು ಬ್ಯಾಂಕಿನದು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಇದು ಹೊಸ ಉಪಾಯವೇನಲ್ಲ. 1983ರಲ್ಲಿ ಅಮೆರಿಕದ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆಯ ದುರಸ್ತಿಗೆ ಹಣ ಕೂಡಿಸುತ್ತೇವೆ ಎಂದು ಹೊರಟಿತು. ಕಾರ್ಡ್ ಬಳಸಿದಾಗೆಲ್ಲ ಒಂದು ಸೆಂಟ್, ಹೊಸ ಕಾರ್ಡ್ ಪಡೆದರೆ ಒಂದು ಡಾಲರ್. ಪ್ರತಿಮೆಗೆ ಸುಮಾರು 17 ಲಕ್ಷ ಡಾಲರ್ ಸೇರಿತು, ನಿಜ. ಆದರೆ ಆ ದಿನಗಳಲ್ಲಿ ಕಂಪನಿಯ ಕಾರ್ಡ್ ಬಳಕೆ ಕಾಲು ಭಾಗಕ್ಕಿಂತ ಹೆಚ್ಚು ಏರಿತು. ಒಳ್ಳೆಯ ಕೆಲಸದ ಹೆಸರು ಹೇಳಿದರೆ ಜನ ಹೆಚ್ಚು ಖರ್ಚು ಮಾಡುತ್ತಾರೆ ಎಂಬ ಪಾಠ ಆವತ್ತು ಜಗತ್ತಿನ ವ್ಯಾಪಾರಕ್ಕೆ ಸಿಕ್ಕಿತು. ತರೀಕೆರೆಯ ಕೊಡೆ ಕೆಳಗಿನ ಹುಡುಗನಿಗೆ ಆ ಕಥೆ ಗೊತ್ತಿರಲಿಕ್ಕಿಲ್ಲ. ಅವನನ್ನು ಅಲ್ಲಿ ಕೂರಿಸಿದವರಿಗೆ ಗೊತ್ತು.

"45 ಆದರೂ ಹೋಯಿತಲ್ಲ, ಇಲ್ಲದಿದ್ದರೆ ಅದೂ ಇಲ್ಲ" ಅನ್ನುವವರಿದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೇ. ಈ ಕಾರ್ಡಿನಿಂದ ಒಂದು ಮಗುವಿಗೆ 500 ರೂಪಾಯಿ ಹೋಗಬೇಕಾದರೆ ನೀವು ಎರಡು ಲಕ್ಷ ರೂಪಾಯಿ ಖರ್ಚು ಮಾಡಬೇಕು. ಅದೇ ಕಾರ್ಡಿನ ಒಂದು ವರ್ಷದ ಶುಲ್ಕವನ್ನು ನೇರವಾಗಿ ಕೊಟ್ಟರೆ 590 ಇವತ್ತೇ ಹೋಗುತ್ತದೆ. ನಮ್ಮ 45ರ ಹದಿಮೂರು ಪಟ್ಟು. ರಸೀದಿಯೂ ನಿಮ್ಮ ಹೆಸರಿನಲ್ಲೇ ಬರುತ್ತದೆ.

ಆ ಆಪರೇಷನ್‌ಗೆ ಆಗಲೇ ದುಡ್ಡಿದೆ

ಕಾರ್ಡು ವಾಪಸ್ ಕೊಟ್ಟ ಮೇಲೆ ನಮಗೆ ಇನ್ನೊಂದು ಪ್ರಶ್ನೆ ಹುಟ್ಟಿತು. ಆ 45 ರೂಪಾಯಿ ಹೋದದ್ದಾದರೂ ಎಲ್ಲಿಗೆ?

ಮಕ್ಕಳ ಹೃದಯದ ಆಪರೇಷನ್ ಅಂದರೆ ಯಾರ ಕರುಳೂ ಚುರುಕ್ ಅನ್ನುತ್ತದೆ. ಆದರೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ ಒಂದಿದೆ. ಅದರ ವೈದ್ಯರ ತಂಡ ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬಂದು ಮಕ್ಕಳನ್ನು ನೋಡುತ್ತದೆ. ಹುಟ್ಟಿನಿಂದ ಬಂದ ಹೃದಯದ ತೊಂದರೆ ಕಂಡರೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತದೆ. ಆಪರೇಷನ್‌ಗೆ ಹಣ ಕೊಡಬೇಕಿಲ್ಲ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇದೆ. ಬೆಂಗಳೂರಿನ ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆ 2001ರಿಂದ ರೋಗಿಗಳ ಹತ್ತಿರ ದುಡ್ಡು ಪಡೆಯದೆ ಹೃದಯದ ಆಪರೇಷನ್ ಮಾಡುತ್ತಿದೆ.

ಅಂದರೆ ಎಲ್ಲರ ಕಣ್ಣಿಗೆ ಬೀಳುವ ಆ ಒಂದು ಕೆಲಸಕ್ಕೆ ಸರ್ಕಾರ ಇದೆ, ಆಸ್ಪತ್ರೆ ಇದೆ, ಸೇವಾ ಸಂಸ್ಥೆ ಇದೆ, ಈಗ ಬ್ಯಾಂಕಿನ ಕಾರ್ಡೂ ಬಂದಿದೆ. ಆದರೆ ಆ ಮಗುವನ್ನು ಎತ್ತಿಕೊಂಡು ಬೆಂಗಳೂರಿಗೆ ಹೋಗುವ ಅಪ್ಪ ಅಮ್ಮನಿಗೆ ಅಷ್ಟು ದಿನದ ಕೂಲಿ ಯಾರು ಕೊಡುತ್ತಾರೆ? ಅವರು ಎಲ್ಲಿ ಮಲಗಬೇಕು? ಮನೆಯಲ್ಲಿ ಉಳಿದ ಇನ್ನೊಂದು ಮಗುವನ್ನು ಯಾರು ನೋಡಿಕೊಳ್ಳಬೇಕು? ಇದಕ್ಕೆ ಯಾವ ಕಾರ್ಡೂ ಇಲ್ಲ. ಇದು ಫ್ಲೆಕ್ಸಿನಲ್ಲಿ ಚೆಂದ ಕಾಣುವುದಿಲ್ಲವಲ್ಲ.

ಕಣ್ಣಿನ ಪೊರೆಯ ಕಥೆಯೂ ಹೀಗೇ. ಸೇವಾ ಸಂಸ್ಥೆ ಪುಕ್ಕಟೆ ಪೊರೆ ಆಪರೇಷನ್ ಮಾಡಿದರೆ ಅಂಧತ್ವ ನಿಯಂತ್ರಣ ಕಾರ್ಯಕ್ರಮದಿಂದ ಸರ್ಕಾರವೇ ಕೇಸಿಗೆ ಇಷ್ಟು ಅಂತ ಅನುದಾನ ಕೊಡುತ್ತದೆ. ಅದು ತಪ್ಪಲ್ಲ, ಕೊಡಬೇಕಾದದ್ದೇ. ಆದರೆ ಅದೇ ಆಪರೇಷನ್ ತೋರಿಸಿ ದಾನಿಗಳಿಂದಲೂ ಹಣ ಕೇಳಿದರೆ, ಸರ್ಕಾರದ್ದೆಷ್ಟು, ದಾನಿಯದ್ದೆಷ್ಟು ಅಂತ ಕೇಳುವ ಹಕ್ಕು ನಮಗಿದೆ. ಅಜ್ಜನಿಗಿರುವುದು ಎರಡೇ ಕಣ್ಣು. ಅದರ ಮೇಲೆ ಮೂರು ಹೆಸರಿನ ಫ್ಲೆಕ್ಸ್ ಯಾಕೆ?

ದೊಡ್ಡಮ್ಮನ ಮೂರು ಚೀಟಿ

ಲಿಂಗದಹಳ್ಳಿ ಕಡೆಯ ಒಂದು ಊರಿನಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ. ಒಂದೇ ವರ್ಷದಲ್ಲಿ ಆ ಊರಿಗೆ ಮೂರು ಆರೋಗ್ಯ ಶಿಬಿರಗಳು ಬಂದವು. ಮೂರು ಬೇರೆ ಬೇರೆ ಸಂಸ್ಥೆ, ಒಂದೇ ಶಾಲೆಯ ಅಂಗಳ, ಒಂದೇ ಥರದ ಶಾಮಿಯಾನ. ಮೂರರಲ್ಲೂ ಜ್ಯೋತಿ ಬೆಳಗಿದರು, ಶಾಲು ಹೊದಿಸಿದರು, ಬಿಪಿ ನೋಡಿದರು, ಬೆರಳು ಚುಚ್ಚಿ ಸಕ್ಕರೆ ನೋಡಿದರು. ಮೂರರಲ್ಲೂ ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಚೀಟಿ ಬರೆದು ಕೊಟ್ಟರು. ಹದಿನೈದು ದಿನಕ್ಕಾಗುವಷ್ಟು ಮಾತ್ರೆಯನ್ನೂ ಕೊಟ್ಟರು.

ಹದಿನಾರನೇ ದಿನದಿಂದ ಏನು ಮಾಡಬೇಕು? ಮೂವರಲ್ಲಿ ಒಬ್ಬರೂ ಹೇಳಲಿಲ್ಲ.

ಕಾಲ್ಬೆರಳಿಗೆ ಆದ ಸಣ್ಣ ಗಾಯ ಮಾಗಲಿಲ್ಲ. ತೋಟದ ಕೆಲಸ, ಕೆಸರು, ಅರಿಶಿನ ಹಚ್ಚಿಕೊಂಡು ಸುಮ್ಮನಿದ್ದರು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುವ ಹೊತ್ತಿಗೆ ಎರಡು ಬೆರಳು ತೆಗೆಯಬೇಕಾಯಿತು.

ನೋಡಲು ಹೋದಾಗ ತಲೆದಿಂಬಿನ ಕೆಳಗಿಂದ ಆ ಮೂರು ಚೀಟಿ ತೆಗೆದು ತೋರಿಸಿದರು. "ಮೂರು ಸಲ ರಕ್ತ ತಗಂಡ್ರು ಮಗಾ, ಮೂರು ಸಲನೂ ಸಕ್ಕರೆ ಐತೆ ಅಂದ್ರು. ಐತೆ ಅಂತ ನಂಗೂ ಗೊತ್ತಾಯ್ತಲ್ಲ. ಮಾತ್ರೆ ಎಲ್ಲಿ ಕೊಡ್ತಾರೆ ಅಂತ ಒಬ್ರೂ ಹೇಳ್ಲಿಲ್ಲ."

ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಸಕ್ಕರೆ, ಬಿಪಿ ಇರುವವರ ಹೆಸರು ಬರೆದುಕೊಂಡು ತಿಂಗಳು ತಿಂಗಳು ಮಾತ್ರೆ ಕೊಡುವ ವ್ಯವಸ್ಥೆ ತಾಲ್ಲೂಕು ಆಸ್ಪತ್ರೆಗಳಲ್ಲಿದೆ. ಊರಿನ ಆಶಾ ಕಾರ್ಯಕರ್ತೆಗೆ ಅದು ಗೊತ್ತು. ಶಿಬಿರದವರು ಆ ಚೀಟಿಯ ಒಂದು ಪ್ರತಿಯನ್ನು ಆಶಾ ಕೈಗೆ ಕೊಟ್ಟಿದ್ದರೆ ಸಾಕಿತ್ತು. ಮೂರು ಶಿಬಿರದ ಬದಲು ಒಂದು ಶಿಬಿರ, ಒಂದು ಪ್ರತಿ. ದೊಡ್ಡಮ್ಮನ ಬೆರಳು ಉಳಿಯುತ್ತಿತ್ತೋ ಏನೋ.

ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ಆ ಮೂರು ಶಿಬಿರಗಳಲ್ಲಿ ಎರಡರ ಸುದ್ದಿ ಬರೆದವರು ನಾವೇ. ಸಂಘಟಕರು ಕೊಟ್ಟ ಪ್ರಕಟಣೆ, ಅವರೇ ಕಳಿಸಿದ ಫೋಟೊ, ಜ್ಯೋತಿ ಬೆಳಗಿದವರ ಹೆಸರುಗಳ ಉದ್ದ ಪಟ್ಟಿ, ಕೊನೆಗೆ 'ನೂರಾರು ಜನ ಸದುಪಯೋಗ ಪಡೆದರು' ಎಂಬ ಒಂದು ಸಾಲು. ಯಾರು, ಏನು ಸದುಪಯೋಗ ಪಡೆದರು ಅಂತ ಮತ್ತೆ ಹೋಗಿ ಕೇಳಲಿಲ್ಲ. ಆ ನೂರಾರು ಜನರಲ್ಲಿ ನಮ್ಮ ದೊಡ್ಡಮ್ಮನೂ ಇದ್ದರು.

ನಾವು ಸೇವೆಯ ವಿರುದ್ಧ ಅಲ್ಲ

ಇದನ್ನು ಓದಿ, ಇವರಿಗೆ ಒಳ್ಳೆ ಕೆಲಸ ಮಾಡುವವರನ್ನು ಕಂಡರೆ ಆಗಲ್ಲ ಅಂತ ಯಾರಾದರೂ ಅಂದಾರು. ಹಾಗಲ್ಲ. ಕಣ್ಣಿನ ಡಾಕ್ಟರ್ ಎಂ.ಸಿ. ಮೋದಿ ಅವರ ಶಿಬಿರದಲ್ಲಿ ದೃಷ್ಟಿ ಪಡೆದವರ ಮಾತು ನಮ್ಮ ಭಾಗದ ಹಳಬರ ಬಾಯಲ್ಲಿ ಈಗಲೂ ಇದೆ. ಹಳ್ಳಿಯಲ್ಲಿ ಕಣ್ಣಿನ ಡಾಕ್ಟರೇ ಇಲ್ಲದ ಕಾಲದಲ್ಲಿ ಅವರು ಊರೂರಿಗೆ ಹೋಗಿ ಸಾವಿರಾರು ಜನರ ಪೊರೆ ತೆಗೆದರು. ಯಾರೂ ಇಲ್ಲದ ಕಡೆ ಹೋಗಿ ನಿಂತರು ಅನ್ನುವುದೇ ಅವರ ದೊಡ್ಡತನ. ಇವತ್ತಿನವರು ಆಗಲೇ ಮೂವರು ನಿಂತ ಕಡೆ ನಾಲ್ಕನೆಯವರಾಗಿ ನಿಲ್ಲುತ್ತಾರೆ.

ಒಂದರ ಮೇಲೊಂದು ಬಿದ್ದರೆ ಗೊಂದಲ ಅನ್ನುವುದು ಸರ್ಕಾರಕ್ಕೂ ಗೊತ್ತಾಗಿತ್ತು. ವಾಜಪೇಯಿ ಆರೋಗ್ಯಶ್ರೀ, ಯಶಸ್ವಿನಿ, ರಾಜೀವ್ ಆರೋಗ್ಯ ಭಾಗ್ಯ, ಹರೀಶ್ ಸಾಂತ್ವನ ಹೀಗೆ ಹಲವು ಯೋಜನೆಗಳಿದ್ದವು. ಯಾವುದಕ್ಕೆ ಯಾವ ಕಾರ್ಡ್ ಅಂತ ಜನಕ್ಕೆ ತಿಳಿಯುತ್ತಿರಲಿಲ್ಲ. 2018ರಲ್ಲಿ ಅವನ್ನೆಲ್ಲ ಸೇರಿಸಿ ಆರೋಗ್ಯ ಕರ್ನಾಟಕ ಮಾಡಿದರು. ಅದೇ ವರ್ಷ ಅದು ಆಯುಷ್ಮಾನ್ ಭಾರತದ ಜೊತೆ ಒಂದಾಯಿತು. ಸರ್ಕಾರಕ್ಕೆ ಆದದ್ದು ಸೇವಾ ಸಂಸ್ಥೆಗಳಿಗೆ ಯಾಕೆ ಆಗುವುದಿಲ್ಲ? ಒಂದು ತಾಲ್ಲೂಕಿನಲ್ಲಿ ಕೆಲಸ ಮಾಡುವ ನಾಲ್ಕು ಸಂಸ್ಥೆಗಳು ವರ್ಷಕ್ಕೊಮ್ಮೆ ತಾಲ್ಲೂಕು ಆರೋಗ್ಯ ಅಧಿಕಾರಿಯ ಎದುರು ಕೂತು, ನೀವು ಕಣ್ಣು ನೋಡಿ, ನಾವು ಡಯಾಲಿಸಿಸ್‌ನವರ ಬಸ್ ಖರ್ಚು ನೋಡುತ್ತೇವೆ ಅಂತ ಹಂಚಿಕೊಳ್ಳಬಹುದಲ್ಲ.

ಡಯಾಲಿಸಿಸ್ ಮಾತು ಸುಮ್ಮನೆ ತಂದದ್ದಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಬಡವರಿಗೆ ಡಯಾಲಿಸಿಸ್ ಪುಕ್ಕಟೆ. ಆದರೆ ವಾರಕ್ಕೆ ಎರಡು ಮೂರು ಸಲ ಹೋಗಬೇಕು, ಜೊತೆಗೊಬ್ಬರು ಬೇಕು. ಶಕ್ತಿ ಯೋಜನೆಯಲ್ಲಿ ಹೆಂಡತಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಕಾಯಿಲೆಯ ಗಂಡನಿಗೆ ಇದೆ. ಪ್ರೈವೇಟ್ ಬಸ್ ಮಾತ್ರ ಓಡಾಡುವ ಊರಾದರೆ ಇಬ್ಬರಿಗೂ ಇದೆ. ಆ ಟಿಕೆಟ್ಟಿಗೆ, ಹೋದ ಕೂಲಿಗೆ ಕೈಯೊಡ್ಡಿದರೆ ಯಾವ ಫ್ಲೆಕ್ಸೂ ಬರುವುದಿಲ್ಲ.

ನಮ್ಮದೇ ಒಂದು ಕಾರ್ಡಿತ್ತು

ಹನಿ ಹನಿಗೂಡಿದರೆ ಹಳ್ಳ, 25 ಪೈಸೆಯೇ ಮುಂದೆ ಕೋಟಿಯಾಗುತ್ತದೆ ಅಂತ ಬ್ಯಾಂಕಿನವರು ಹೇಳುತ್ತಾರೆ. ಹನಿಗೂಡಿಸುವುದನ್ನು ಅವರಿಂದ ಕಲಿಯಬೇಕಿಲ್ಲ. 2003ರಲ್ಲಿ ಯಶಸ್ವಿನಿ ಶುರುವಾದಾಗ ಸಹಕಾರ ಸಂಘದ ರೈತ ಕೊಟ್ಟದ್ದು ವರ್ಷಕ್ಕೆ 60 ರೂಪಾಯಿ, ತಿಂಗಳಿಗೆ ಐದೇ ರೂಪಾಯಿ. ಸರ್ಕಾರ 30 ಸೇರಿಸಿತು. ಲಕ್ಷಾಂತರ ಜನರ ಆ ಐದೈದು ರೂಪಾಯಿಯಿಂದಲೇ ಹೃದಯದ ಆಪರೇಷನ್‌ಗಳಾದವು.

ವ್ಯತ್ಯಾಸ ನೋಡಿ. ಬ್ಯಾಂಕಿನ ಕಾರ್ಡಿನಲ್ಲಿ ನೀವು ಸಾಲಗಾರ, ಮಗು ಭಿಕ್ಷೆ ಪಡೆಯುವವನು, ಹೆಸರು ಮೂರನೆಯವರದು. ಯಶಸ್ವಿನಿಯಲ್ಲಿ ಕೊಟ್ಟವನೂ ರೈತ, ಪಡೆದವನೂ ರೈತ. ಆಸ್ಪತ್ರೆಗೆ ಹೋದಾಗ ಕೈ ಮುಗಿಯಬೇಕಿಲ್ಲ, ಕಾರ್ಡ್ ತೋರಿಸಿದರೆ ಸಾಕು. ಅದು ದಾನವಲ್ಲ, ಹಕ್ಕು. 2018ರಲ್ಲಿ ನಿಂತುಹೋಗಿದ್ದ ಯಶಸ್ವಿನಿಯನ್ನು 2023ರ ಜನವರಿಯಿಂದ ಮತ್ತೆ ಶುರು ಮಾಡಿದ್ದಾರೆ. ಹಾಗೆ ಶುರುವಾದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ ಇಟ್ಟ ವಂತಿಗೆ 500 ರೂಪಾಯಿ. ಆ ಕ್ರೆಡಿಟ್ ಕಾರ್ಡಿನ ಶುಲ್ಕಕ್ಕಿಂತ ಕಡಿಮೆ.

ಹಾಗಾದರೆ ಏನು ಮಾಡಬೇಕು

ಕಾರ್ಡಿನ ವಿಷಯ ಮೊದಲು. ತಿಂಗಳ ಬಿಲ್ ಪೂರ್ತಿ ಕಟ್ಟಲು ಆಗುವುದಿಲ್ಲ ಅನ್ನುವವರು ಕ್ರೆಡಿಟ್ ಕಾರ್ಡ್ ಮುಟ್ಟಬೇಡಿ, ಅದರ ಮೇಲೆ ದೇವರ ಫೋಟೊ ಇದ್ದರೂ. ಕಿಸಾನ್ ಕ್ರೆಡಿಟ್ ಕಾರ್ಡ್ ಬೇರೆ, ಇದು ಬೇರೆ. ಅದು ಬೆಳೆಸಾಲ, ಇದು ಖರ್ಚಿನ ಸಾಲ. ಕೇಳದೆ ಕಾರ್ಡ್ ಕಳಿಸಿ ಬಿಲ್ ಹಾಕಿದರೆ ಆ ಬಿಲ್ ರದ್ದು ಮಾಡಿ, ಅದರ ಎರಡು ಪಟ್ಟು ದಂಡ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ಬಾಕಿ ತೀರಿಸಿ, ಕಾರ್ಡ್ ಬೇಡ ಎಂದು ಬರೆದುಕೊಟ್ಟರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಬ್ಯಾಂಕಿನವರು ಕೇಳದಿದ್ದರೆ 14448ಕ್ಕೆ ಫೋನ್ ಮಾಡಿ.

ಆಯುಷ್ಮಾನ್ ಕಾರ್ಡ್ ಇದ್ದವರು ಒಂದು ಮಾತು ನೆನಪಿಡಿ. ತುರ್ತು ಬಿಟ್ಟರೆ ನೇರವಾಗಿ ಪ್ರೈವೇಟ್ ಆಸ್ಪತ್ರೆಗೆ ಹೋಗಬೇಡಿ. ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿಂದ ರೆಫರಲ್ ಪತ್ರ, ಆಮೇಲೆ ಮುಂದಿನ ಆಸ್ಪತ್ರೆ. ಕಾರ್ಡ್ ಜೇಬಿನಲ್ಲಿದ್ದೂ ಸಾಲ ಮಾಡಿದವರಲ್ಲಿ ಈ ಪತ್ರ ಇಲ್ಲದೆ ಹೋದವರೇ ಹೆಚ್ಚಾಗಿ ನಮಗೆ ಸಿಕ್ಕಿದ್ದಾರೆ. ವಿಚಾರಿಸಲು 14555.

ಇನ್ನು ಸೇವಾ ಸಂಸ್ಥೆಯವರು ಹಣ ಕೇಳಲಿ, ಶಿಬಿರಕ್ಕೆ ಶಾಲೆಯ ಅಂಗಳ ಕೇಳಲಿ, ಮೂರು ಪ್ರಶ್ನೆ ಕೇಳಿ.

ಒಂದು: ಇದು ಸರ್ಕಾರಿ ಆಸ್ಪತ್ರೆಯಲ್ಲಿ ಆಗಲೇ ಪುಕ್ಕಟೆ ಸಿಗುತ್ತದಾ? ಸಿಗುವುದಾದರೆ ನೀವು ಹೊಸದಾಗಿ ಏನು ಕೊಡುತ್ತೀರಿ?

ಎರಡು: ಕಾಯಿಲೆ ಇದೆ ಅಂತ ಗೊತ್ತಾದವರನ್ನು ನಾಳೆಯಿಂದ ಯಾರು ನೋಡಿಕೊಳ್ಳುತ್ತಾರೆ? ಪಟ್ಟಿಯನ್ನು ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಡುತ್ತೀರಾ?

ಮೂರು: ಹೋದ ವರ್ಷ ಎಷ್ಟು ಹಣ ಬಂತು, ಯಾರಿಂದ ಬಂತು, ಎಷ್ಟು ಖರ್ಚಾಯಿತು? ಕಾಗದದ ಮೇಲೆ ತೋರಿಸಿ.

ನಿಜವಾಗಿ ಕೆಲಸ ಮಾಡುವವರಿಗೆ ಈ ಪ್ರಶ್ನೆ ಕೇಳಿದರೆ ಸಿಟ್ಟು ಬರುವುದಿಲ್ಲ. ಸಿಟ್ಟು ಬಂದರೆ ಅಂಗಳದ ಬೀಗ ತೆಗೆಯಬೇಡಿ.

ನಿಮಗೆ ಕೊಡುವ ಮನಸ್ಸಿದ್ದರೆ, ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗುವವರು ನಿಮ್ಮ ಬೀದಿಯಲ್ಲೇ ಇದ್ದಾರು. ಅವರ ಬಸ್ ಚಾರ್ಜು ಕೊಡಿ. ಒಂದು ದಿನ ಅವರ ಜೊತೆ ಹೋಗಿ ಬನ್ನಿ. ಅದಕ್ಕೆ ಸ್ವೈಪ್ ಮಾಡಬೇಕಿಲ್ಲ.

ನಮ್ಮ ಪಾಲಿನ ಕೆಲಸವನ್ನೂ ಹೇಳಿಬಿಡುತ್ತೇವೆ. ಇನ್ನು ಮುಂದೆ ಶಿಬಿರದ ಪ್ರಕಟಣೆ ಕೈಗೆ ಬಂದರೆ, ಇದಕ್ಕೆ ಮುಂಚೆ ನೀವು ಮಾಡಿದ ಶಿಬಿರದಲ್ಲಿ ಸಕ್ಕರೆ ಇದೆ ಅಂದವರಲ್ಲಿ ಎಷ್ಟು ಜನ ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಅಂತ ಮೊದಲು ಕೇಳುತ್ತೇವೆ. ಆ ಸಂಖ್ಯೆ ಕೊಟ್ಟರೆ ಅದನ್ನೇ ತಲೆಬರಹ ಮಾಡುತ್ತೇವೆ. ಕೊಡದಿದ್ದರೆ ಜ್ಯೋತಿ ಬೆಳಗಿದವರ ಹೆಸರೂ ನಮ್ಮ ಕೈಯಿಂದ ಬರುವುದಿಲ್ಲ.

ದೊಡ್ಡಮ್ಮ ಈಗ ತಿಂಗಳಿಗೊಮ್ಮೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಮಾತ್ರೆ ತರುತ್ತಾರೆ. ಆ ಮೂರು ಚೀಟಿಗಳನ್ನು ಇನ್ನೂ ಎಸೆದಿಲ್ಲ. ಮುಂದಿನ ಗ್ರಾಮಸಭೆಗೆ ತರುತ್ತಾರಂತೆ. ನಾವೂ ಬರುತ್ತೇವೆ.